ಪಂಪ್ ಬಿಚ್ಚುವ ಮುನ್ನ ಟ್ಯಾಂಕ್ ನೋಡಿ

ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಮಲ್ಪೆ, ಮಂಗಳೂರು ದಕ್ಕೆಗಳಿಂದ ಮೀನು ಹೊತ್ತು ಘಟ್ಟ ಹತ್ತುವ ಪಿಕಪ್‌ಗಳಿಗೂ ಈ 61 ದಿನ ಹೆಚ್ಚುಕಡಿಮೆ ಬಿಡುವು. ಹಳೆಯ ಗಾಡಿಯ ಡೀಸೆಲ್ ಟ್ಯಾಂಕು, ಪೈಪು, ಚಾಸಿ ಪರೀಕ್ಷಿಸಲು ಇದು ಸರಿಯಾದ ಹೊತ್ತು. ಸುಮ್ಮನೆ ನಿಲ್ಲಿಸಿಬಿಟ್ಟರೆ ಅವು ಹಾಳಾಗುವುದೂ ಇದೇ ಹೊತ್ತಿನಲ್ಲಿ. ಅರ್ಧ ಖಾಲಿ ಟ್ಯಾಂಕಿನೊಳಗಿನ ತೇವದ ಗಾಳಿ ರಾತ್ರಿ ತಣಿದು ನೀರ ಹನಿಯಾಗುತ್ತದೆ. ನೀರು ಡೀಸೆಲ್‌ಗಿಂತ ಭಾರ. ಅದು ತಳ ಸೇರಿ ತಗಡನ್ನು ಒಳಗಿನಿಂದ ತಿನ್ನುತ್ತದೆ. ಹೊರಗಿನಿಂದ ತಿನ್ನುವ ಕೆಲಸವನ್ನು ಮೀನಿನ ಕ್ರೇಟುಗಳಿಂದ ಸೋರುವ ಉಪ್ಪುನೀರು ಉಳಿದ ಹತ್ತು ತಿಂಗಳೂ ಮಾಡಿರುತ್ತದೆ.

ಶಿರಾಡಿಯೋ ಆಗುಂಬೆಯೋ ಏರುವಾಗ ಗಾಡಿ ಎಳೆಯುವುದಿಲ್ಲ, ಕೊನೆಗೆ ನಿಂತೇ ಬಿಡುತ್ತದೆ. ಹತ್ತು ನಿಮಿಷ ಬಿಟ್ಟು ಕೀ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ. ಇಂಥ ಗಾಡಿ ಗ್ಯಾರೇಜಿಗೆ ಬಂದರೆ ‘ಪಂಪ್ ಹೋಗಿದೆ’ ಎಂಬ ಮಾತು ಮೊದಲು ಬೀಳುತ್ತದೆ. ನನ್ನ ಪ್ರಕಾರ ಅದು ಎಲ್ಲಕ್ಕಿಂತ ಕೊನೆಗೆ ಬರಬೇಕಾದ ಮಾತು. ತುಕ್ಕಿನ ಹುಡಿ ಟ್ಯಾಂಕಿನೊಳಗಿನ ಪೈಪಿನ ಬಾಯಿಯ ಜಾಲರಿಗೆ ಅಂಟಿ ಡೀಸೆಲ್ ತಡೆಯುತ್ತದೆ. ಎಂಜಿನ್ ನಿಂತು ಸೆಳೆತ ಹೋದಾಗ ಉದುರುತ್ತದೆ. ಆದ್ದರಿಂದ ಟ್ಯಾಂಕಿನಿಂದ ಶುರುಮಾಡಿ ಎಂಜಿನ್ ಕಡೆಗೆ ಹುಡುಕುತ್ತಾ ಹೋಗಿ.

ಮುಚ್ಚಳ, ಆಮೇಲೆ ಬಾಟಲಿ

ಗಾಡಿ ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ತೆರೆಯಿರಿ. ಸುಯ್ಯೆಂದು ಗಾಳಿ ಒಳನುಗ್ಗಿ, ಗಾಡಿ ಮತ್ತೆ ಸರಾಗವಾಗಿ ಓಡಿದರೆ ಗಾಳಿ ಹೋಗುವ ತೂತು ಕಟ್ಟಿದೆ ಎಂದರ್ಥ. ಅದನ್ನು ಸ್ವಚ್ಛಗೊಳಿಸಿದರೆ ಕೆಲಸ ಮುಗಿಯಿತು.

ಹಾಗಾಗದಿದ್ದರೆ, ಗಾಡಿಯನ್ನು ರಾತ್ರಿಯಿಡೀ ನಿಲ್ಲಿಸಿ ಬೆಳಿಗ್ಗೆ ಡೀಸೆಲ್ ಫಿಲ್ಟರಿನ ತಳದಲ್ಲಿರುವ ನೀರು ಬಿಡುವ ತಿರುಪನ್ನು ಸಡಿಲಿಸಿ, ಒಂದು ಲೋಟದಷ್ಟನ್ನು ಗಾಜಿನ ಬಾಟಲಿಗೆ ಹಿಡಿಯಿರಿ. ಅರ್ಧ ಗಂಟೆ ಅಲುಗಿಸದೆ ಇಟ್ಟು ಬೆಳಕಿಗೆ ಹಿಡಿಯಿರಿ. ತಳದಲ್ಲಿ ಬೇರೆ ಪದರ ಕಂಡರೆ ನೀರು. ಕಂದು ಹುಡಿ ಕಂಡರೆ ತುಕ್ಕು. ಕಪ್ಪು ಲೋಳೆಯಿದ್ದರೆ, ನೀರೂ ಡೀಸೆಲ್ಲೂ ಸೇರುವಲ್ಲಿ ಬೆಳೆಯುವ ಶಿಲೀಂಧ್ರ, ಬ್ಯಾಕ್ಟೀರಿಯಾಗಳು ಟ್ಯಾಂಕಿನಲ್ಲಿ ಬೀಡುಬಿಟ್ಟಿವೆ. ತುಕ್ಕಾಗಲಿ ಲೋಳೆಯಾಗಲಿ ಕಂಡ ಮೇಲೆ ಫಿಲ್ಟರ್ ಮಾತ್ರ ಬದಲಿಸಿ ಪ್ರಯೋಜನವಿಲ್ಲ, ಹೊಸದೂ ಬೇಗನೆ ಕಟ್ಟುತ್ತದೆ. ಟ್ಯಾಂಕ್ ಇಳಿಸಲೇಬೇಕು.

ಇಳಿಸಿದಾಗ ಟ್ಯಾಂಕನ್ನು ಹಿಡಿದಿರುವ ಪಟ್ಟಿಗಳ ಅಡಿಯನ್ನು ಮೊದಲು ನೋಡಿ. ಅಲ್ಲಿನ ರಬ್ಬರ್ ತುಂಡು ಉಪ್ಪುನೀರನ್ನು ಒಣಗಲು ಬಿಡುವುದಿಲ್ಲ. ತಗಡು ಮೊದಲು ತೂತಾಗುವ ಜಾಗಗಳಲ್ಲಿ ಅದೂ ಒಂದು. ತೂತಾದ ಟ್ಯಾಂಕಿಗೆ ವೆಲ್ಡಿಂಗ್ ಮಾಡಿಸಬೇಡಿ. ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿ ಸಿಡಿಯಬಲ್ಲದು, ತೊಳೆದಿದ್ದೇವೆ ಎಂಬ ಭರವಸೆ ಸಾಲದು. ಎಂ-ಸೀಲ್ ಮನೆ ಮುಟ್ಟಿಸೀತು, ಅಷ್ಟೇ. ಹೊಸ ಟ್ಯಾಂಕೇ ದಾರಿ.

ಗಾಳಿ ಎಳೆಯುವ ಪೈಪು

ಬೆಳಿಗ್ಗೆ ಮಾತ್ರ ಸ್ಟಾರ್ಟ್ ಆಗಲು ಸತಾಯಿಸುವ ಗಾಡಿಯಲ್ಲಿ ಪೈಪನ್ನು ಅನುಮಾನಿಸಿ. ಕ್ಲಿಪ್ಪುಗಳ ಕೆಳಗೆ ತುಕ್ಕು ಹಿಡಿದ ಕಬ್ಬಿಣದ ಪೈಪು ಅಥವಾ ಬಿರುಕುಬಿಟ್ಟ ರಬ್ಬರ್ ಪೈಪು ಹೊರಗೆ ಒಂದು ತೊಟ್ಟೂ ಸೋರದೆ ಒಳಗೆ ಗಾಳಿ ಎಳೆದುಕೊಳ್ಳಬಲ್ಲದು. ಫಿಲ್ಟರಿಗೆ ಮುಂಚೆ ಒಂದು ಗೇಣು ಪಾರದರ್ಶಕ ಡೀಸೆಲ್ ಪೈಪು ಹಾಕಿಸಿ ನೋಡಿ. ಗುಳ್ಳೆ ಓಡುತ್ತಿದ್ದರೆ ಗುಟ್ಟು ರಟ್ಟು. ಪೈಪು ಬದಲಿಸಿ, ಕೈಪಂಪಿನಿಂದ ಗಾಳಿ ತೆಗೆದು ಮುಗಿಸಿ. ವಾಪಸ್ ಬರುವ ಪೈಪನ್ನೂ ಇದರ ಜೊತೆಗೇ ನೋಡಿಸಿ.

ಒಂದು ಎಚ್ಚರಿಕೆ. ಎಂಜಿನ್ ತಿರುಗಿಸುತ್ತಾ ಇಂಜೆಕ್ಟರ್ ಪೈಪಿನ ನಟ್ಟು ಸಡಿಲಿಸಿ ಗಾಳಿ ತೆಗೆಯುವ ಹಳೆಯ ಪದ್ಧತಿ ಕಾಮನ್ ರೈಲ್ ಎಂಜಿನ್‌ಗೆ ಸಲ್ಲದು. ಅದರ ಪೈಪುಗಳಲ್ಲಿ ಒತ್ತಡ 1000 ಬಾರ್ ದಾಟುತ್ತದೆ. ಸೋರುವ ಜಾಗವನ್ನು ಕೈಯಾಡಿಸಿ ಹುಡುಕಲೂಬೇಡಿ. ಸೂಜಿಮೊನೆಯಷ್ಟು ಗಾಯ ಮಾಡಿ ಡೀಸೆಲ್ ಚರ್ಮದೊಳಗೆ ನುಗ್ಗಿದರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು, ನೋವಿಲ್ಲ ಎಂದು ಕಾಯುವಂತಿಲ್ಲ.

ನಿಲ್ಲಿಸುವ ಮುನ್ನ

ಟ್ಯಾಂಕ್ ತುಂಬಿಸಿ ನಿಲ್ಲಿಸಿ, ಗಾಳಿಗೆ ಜಾಗ ಕಡಿಮೆಯಾದಷ್ಟು ನೀರೂ ಕಡಿಮೆ. ಗಾಡಿಯ ಅಡಿಭಾಗವನ್ನು ಸಿಹಿನೀರಿನಲ್ಲಿ ತೊಳೆಸಿ, ಚಾಸಿಯ ನೀರು ಇಳಿಯುವ ತೂತುಗಳಲ್ಲಿನ ಕೆಸರು ತೆಗೆಸಿ. ಪೂರ್ತಿ ಒಣಗಿದ ಮೇಲೆ ತಂತಿ ಬ್ರಷ್‌ನಿಂದ ತುಕ್ಕು ಉಜ್ಜಿ, ರೆಡ್ ಆಕ್ಸೈಡ್ ಪ್ರೈಮರ್, ಅದರ ಮೇಲೆ ಬಣ್ಣ. ತುಕ್ಕಿನ ಮೇಲೆಯೇ ಬಳಿದ ಬಣ್ಣ ಮೂರು ಕಾಸಿಗೂ ಬೇಡ. ಸುಟ್ಟ ಎಂಜಿನ್ ಆಯಿಲ್ ಹೊಡೆಸುವ ರೂಢಿಯೂ ನನಗೆ ಒಪ್ಪಿಗೆಯಿಲ್ಲ: ಅದು ರಬ್ಬರ್ ಬುಷ್‌ಗಳನ್ನು ಊದಿಸುತ್ತದೆ, ಬ್ರೇಕಿಗೆ ಸಿಡಿದರೆ ಅಪಾಯ.

ಬ್ರಷ್ ಉಜ್ಜುವಾಗ ಚಾಸಿಯಿಂದ ಪದರ ಪದರವಾಗಿ ತಗಡು ಎದ್ದರೆ, ಅದರಲ್ಲೂ ಸ್ಪ್ರಿಂಗ್ ಪಟ್ಟಿ ಕೂರುವ ಜಾಗದಲ್ಲಿ, ಬಣ್ಣ ಬಳಿಸದೆ ಚಾಸಿ ಕೆಲಸ ಬಲ್ಲವರಿಗೆ ತೋರಿಸಿ. 8 ವರ್ಷ ದಾಟಿದ ಸರಕು ವಾಹನಕ್ಕೆ ವರ್ಷಕ್ಕೊಮ್ಮೆ ಎಫ್‌ಸಿ ಆಗಬೇಕು. ಬಣ್ಣದಡಿ ಮುಚ್ಚಿಟ್ಟ ತೂತು ಅಲ್ಲಿ ಸಿಕ್ಕಿಬೀಳದಿದ್ದರೂ ಲೋಡು ಹೇರಿ ಘಟ್ಟ ಇಳಿಯುವಾಗ ಸಿಕ್ಕಿಬೀಳುತ್ತದೆ.