ಹತ್ತು ರಾತ್ರಿ ಮಸೀದಿಯಲ್ಲೇ ಕೂರುವುದು ಎಂಥ ವ್ರತ?

ಪ್ರಶ್ನೆ: ಮೈಸೂರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಒಂದೇ ಬೀದಿಯಲ್ಲಿದ್ದೇವೆ. ಪಕ್ಕದ ಮನೆಯ ಸಾಹೇಬರು ನಮ್ಮ ಯಜಮಾನರಿಗೆ ಒಡಹುಟ್ಟಿದ ತಮ್ಮನ ಹಾಗೆ. ಈ ಸಲ ರಂಜಾನಿನ ಕೊನೆಯಲ್ಲಿ ಯಜಮಾನರಿಗೆ ಎದೆನೋವು ಬಂದು ಆಸ್ಪತ್ರೆಗೆ ಸೇರಿಸಿದೆವು, ಸ್ಟೆಂಟ್ ಹಾಕಿದರು. ಆರು ದಿನ ಅಲ್ಲಿದ್ದೆವು. ಸಾಹೇಬರು ಒಂದು ದಿನವೂ ಬರಲಿಲ್ಲ. "ಅಬ್ಬಾ ಮಸೀದಿಯಲ್ಲಿ ಕೂತಿದ್ದಾರೆ, ಹಬ್ಬದ ಚಂದ್ರ ಕಾಣೋ ತನಕ ಹೊರಗೆ ಬರೋ ಹಾಗಿಲ್ಲ, ಅಲ್ಲಿಂದಲೇ ಅಂಕಲ್‌ಗೋಸ್ಕರ ದುಆ ಮಾಡ್ತಿದ್ದಾರೆ" ಅಂತ ಅವರ ಮಗ ಹೇಳಿದ. ಮಗ ಎರಡು ರಾತ್ರಿ ನಮ್ಮ ಜೊತೆಗಿದ್ದು ಔಷಧಿಗೆಲ್ಲ ಓಡಾಡಿದ, ಅದು ಬೇರೆ ಮಾತು. ಆದರೆ ಮಸೀದಿಯಿಂದ ಆಸ್ಪತ್ರೆ ಎರಡು ಕಿಲೋಮೀಟರ್ ಕೂಡ ಇಲ್ಲ. ಹಬ್ಬದ ದಿನ ಸಾಹೇಬರು ಶೀರ್ ಕುರ್ಮಾ ತಂದಾಗ ನಾನು ಬಾಗಿಲಲ್ಲೇ ತೆಗೆದುಕೊಂಡು, ಒಳಗೆ ಕರೆಯದೆ ಕಳಿಸಿಬಿಟ್ಟೆ. ಅಂದಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ನಿಜವಾಗಿಯೂ ಇಂಥ ನಿಯಮವಿದೆಯೇ? ನಮ್ಮಲ್ಲಿ ಇಂಥದ್ದೇನಾದರೂ ಇದೆಯೇ? ನಾವು ಹೇಗೆ ನಡೆದುಕೊಳ್ಳಬೇಕು?
– ಓದುಗರೊಬ್ಬರು, ಮೈಸೂರು

ಉತ್ತರ: ತಾಯಿ, ಈ ಅಂಕಣಕ್ಕೆ ಸಾಮಾನ್ಯವಾಗಿ ಬರುವುದು ಸೂತಕ, ಶ್ರಾದ್ಧ, ಏಕಾದಶಿಯ ಪಾರಣೆ, ಗೃಹಪ್ರವೇಶದ ಮುಹೂರ್ತ ಇಂಥ ಪ್ರಶ್ನೆಗಳು. ನಿಮ್ಮದು ಬೇರೆಯವರ ಆಚಾರದ ಪ್ರಶ್ನೆ. ಆದರೂ ಇದು ಗೃಹಸ್ಥರ ಪ್ರಶ್ನೆಯೇ. ಪಕ್ಕದ ಮನೆಯವರ ವ್ರತ ಗೊತ್ತಿಲ್ಲದೆ ಎರಡು ಮನೆಗಳ ನಡುವೆ ಬಾಗಿಲು ಮುಚ್ಚಿತು ಅಂದರೆ, ಅದನ್ನು ತಿಳಿದುಕೊಳ್ಳುವುದೂ ನಮ್ಮ ಧರ್ಮವೇ. ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದಾಗಿ, ಹೌದು, ನಿಯಮ ಇದೆ. ಅವರ ಮಗ ಹೇಳಿದ್ದು ನೆಪವಲ್ಲ.

ಈ ಆಚರಣೆಯ ಹೆಸರು ಇಅತಿಕಾಫ್. ಒಂದೆಡೆ ಅಂಟಿಕೊಂಡು ನೆಲೆನಿಲ್ಲುವುದು ಅಂತ ಆ ಅರಬ್ಬಿ ಪದದ ಅರ್ಥ. ರಂಜಾನ್ ತಿಂಗಳ 20ನೆಯ ಉಪವಾಸದ ದಿನ, ಸೂರ್ಯ ಮುಳುಗುವ ಮೊದಲೇ ಮಸೀದಿಯೊಳಗೆ ಹೋಗಬೇಕು. ಹಬ್ಬದ ಚಂದ್ರದರ್ಶನ ಆಗುವ ತನಕ ಅಲ್ಲೇ ಇರಬೇಕು. ತಿಂಗಳು 29 ದಿನದ್ದಾದರೆ ಒಂಬತ್ತು ರಾತ್ರಿ, 30 ದಿನದ್ದಾದರೆ ಹತ್ತು ರಾತ್ರಿ. ಮಸೀದಿಯ ಒಂದು ಮೂಲೆಯಲ್ಲಿ ಚಾಪೆ ಹಾಸಿ, ಹಲವು ಕಡೆ ಒಂದು ಪರದೆ ಕಟ್ಟಿಕೊಂಡು, ಊಟ, ನಿದ್ದೆ, ಪ್ರಾರ್ಥನೆ ಎಲ್ಲವೂ ಅಲ್ಲೇ. ಶೌಚಕ್ಕೆ, ಅಂಗಶುದ್ಧಿಗೆ, ಅಗತ್ಯವಾದ ಸ್ನಾನಕ್ಕೆ ಮಾತ್ರ ಹೊರಗೆ ಹೋಗಬಹುದು. ಆ ಮಸೀದಿಯಲ್ಲಿ ಶುಕ್ರವಾರದ ಸಾಮೂಹಿಕ ನಮಾಜು ನಡೆಯದಿದ್ದರೆ, ಅದು ನಡೆಯುವ ಮಸೀದಿಗೆ ಹೋಗಿ ಬರಬಹುದು. ವ್ಯಾಪಾರಕ್ಕೆ, ಆಫೀಸಿಗೆ, ಮದುವೆಗೆ ಹೋಗುವಂತಿಲ್ಲ. ದಾಂಪತ್ಯ ವ್ಯವಹಾರ ಪೂರ್ತಿ ನಿಷಿದ್ಧ. ಈ ಮಾತು ಕುರ್‌ಆನಿನ ಎರಡನೆಯ ಅಧ್ಯಾಯದಲ್ಲೇ ಇದೆ.

ನಿಮಗೆ ನೋವು ಕೊಟ್ಟ ನಿಯಮವೂ ಸ್ಪಷ್ಟವಾಗಿಯೇ ಇದೆ. ಇಅತಿಕಾಫಿನಲ್ಲಿ ಕೂತವರು ರೋಗಿಯನ್ನು ನೋಡಲು ಹೋಗುವುದಿಲ್ಲ, ಶವಸಂಸ್ಕಾರಕ್ಕೂ ಹೋಗುವುದಿಲ್ಲ. ಬೇರೆ ದಿನಗಳಲ್ಲಿ ಇವೆರಡೂ ಅವರಲ್ಲಿ ದೊಡ್ಡ ಪುಣ್ಯದ ಕೆಲಸಗಳು. ಹಾಗಿದ್ದರೂ ಈ ಹತ್ತು ದಿನ ಬಿಡಬೇಕು. ನಿಮ್ಮ ಯಜಮಾನರ ವಿಷಯದಲ್ಲಿ ಸಾಹೇಬರು ಬೇರೆ ಲೆಕ್ಕ ಹಾಕಲಿಲ್ಲ. ತಮ್ಮ ಸ್ವಂತ ಅಣ್ಣನಿಗೂ ಅವರು ಇದನ್ನೇ ಮಾಡಬೇಕಿತ್ತು.

ಇಷ್ಟು ಕಟ್ಟುನಿಟ್ಟು ಯಾಕೆ ಅಂತ ಕೇಳಬಹುದು. ಆ ಕೊನೆಯ ಹತ್ತು ರಾತ್ರಿಗಳಲ್ಲಿ ಲೈಲತುಲ್ ಕದ್ರ್ ಎಂಬ ಒಂದು ರಾತ್ರಿ ಇದೆ ಅಂತ ಅವರ ನಂಬಿಕೆ. ನಮ್ಮ ಕಡೆ ಶಬೆ ಕದ್ರ್ ಅಂತ ಕರೆಯುವುದೂ ಉಂಟು. ಕುರ್‌ಆನ್ ಇಳಿದುಬರಲು ಶುರುವಾದದ್ದು ಆ ರಾತ್ರಿ. ಕುರ್‌ಆನಿನ 97ನೆಯ ಅಧ್ಯಾಯ ಇಡಿಯಾಗಿ ಅದರ ಬಗ್ಗೆಯೇ ಇದೆ. ಐದೇ ಸಾಲಿನ ಅಧ್ಯಾಯ. ಆ ಒಂದು ರಾತ್ರಿಯ ಆರಾಧನೆ ಸಾವಿರ ತಿಂಗಳಿಗಿಂತ ಮೇಲು ಎನ್ನುವುದು ಅದರ ಸಾರ. ಲೆಕ್ಕ ಹಾಕಿ ನೋಡಿ, ಸಾವಿರ ತಿಂಗಳು ಅಂದರೆ 83 ವರ್ಷ 4 ತಿಂಗಳು. ಒಬ್ಬ ಮನುಷ್ಯನ ತುಂಬು ಆಯುಷ್ಯ.

ಆದರೆ ಆ ರಾತ್ರಿ ಯಾವುದು ಅಂತ ಖಚಿತವಾಗಿ ಹೇಳಿಲ್ಲ. 21, 23, 25, 27, 29 ಈ ಬೆಸ ರಾತ್ರಿಗಳಲ್ಲಿ ಹುಡುಕಿ ಅಂತ ಪ್ರವಾದಿಗಳ ಸೂಚನೆ. ನಮ್ಮ ದೇಶದಲ್ಲಿ 27ನೆಯ ರಾತ್ರಿಗೆ ಹೆಚ್ಚು ಮಹತ್ವ. ಇಅತಿಕಾಫಿನಲ್ಲಿ ಕೂತವರು ಒಂದು ರಾತ್ರಿಯನ್ನೂ ಕಳೆದುಕೊಳ್ಳಬಾರದು ಅಂತ ಎಲ್ಲ ರಾತ್ರಿಯೂ ಕಾಯುತ್ತಾರೆ. ಪ್ರವಾದಿ ಮುಹಮ್ಮದರು ಕೊನೆಯ ತನಕ ಪ್ರತಿ ವರ್ಷ ಈ ಹತ್ತು ದಿನ ಮದೀನಾದ ಮಸೀದಿಯಲ್ಲಿ ಕೂರುತ್ತಿದ್ದರು. ತೀರಿಕೊಂಡ ವರ್ಷ ಇಪ್ಪತ್ತು ದಿನ ಕೂತರು. ಒಂದು ವರ್ಷ ರಂಜಾನಿನಲ್ಲಿ ಕೂರುವುದನ್ನು ಬಿಟ್ಟು, ಅದನ್ನು ಮುಂದಿನ ತಿಂಗಳು ಪೂರೈಸಿದರು.

ಪಂಚಾಂಗ ನೋಡುವವರಿಗೆ ಇಲ್ಲೊಂದು ಮಾತು. ಅವರ ದಿನ ಶುರುವಾಗುವುದು ಸೂರ್ಯಾಸ್ತಕ್ಕೆ, ನಮ್ಮ ಹಾಗೆ ಸೂರ್ಯೋದಯಕ್ಕಲ್ಲ. ಆದ್ದರಿಂದ 27ನೆಯ ರಾತ್ರಿ ಅಂದರೆ 26ನೆಯ ಉಪವಾಸ ಮುಗಿದ ಸಂಜೆ ಶುರುವಾಗುವ ರಾತ್ರಿ. ಅಮಾವಾಸ್ಯೆ ಕಳೆದು ಚಂದ್ರ ಕಂಡಾಗ ಅವರ ತಿಂಗಳು ಹುಟ್ಟುವುದರಿಂದ, ಕೊನೆಯ ಹತ್ತು ರಾತ್ರಿಗಳು ನಮ್ಮ ಕೃಷ್ಣಪಕ್ಷದಲ್ಲಿ ಬರುತ್ತವೆ. 27ನೆಯ ರಾತ್ರಿ ಬಹುಮಟ್ಟಿಗೆ ದ್ವಾದಶಿ, ತ್ರಯೋದಶಿಯ ಆಸುಪಾಸು. ಅವರಲ್ಲಿ ಅಧಿಕಮಾಸ ಇಲ್ಲ. ಅದಕ್ಕೇ ರಂಜಾನ್ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತಾ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ.

ರಾತ್ರಿಯೆಲ್ಲ ಏನು ಮಾಡುತ್ತಾರೆ? ಇಶಾ ನಮಾಜಿನ ನಂತರ ತರಾವೀಹ್ ಎಂಬ ದೀರ್ಘ ನಮಾಜು. ನಮ್ಮ ಕಡೆಯ ಬಹಳಷ್ಟು ಮಸೀದಿಗಳಲ್ಲಿ ಇಪ್ಪತ್ತು ರಕಾತ್ ಮಾಡಿ, ತಿಂಗಳು ಮುಗಿಯುವಷ್ಟರಲ್ಲಿ ಇಡೀ ಕುರ್‌ಆನನ್ನು ಕೇಳಿಸುತ್ತಾರೆ. ಮಿಕ್ಕವರು ಮನೆಗೆ ಹೋದ ಮೇಲೆ ಇವರು ಒಬ್ಬೊಬ್ಬರೇ ಪಾರಾಯಣ, ಜಪ, ನಡುರಾತ್ರಿಯ ತಹಜ್ಜುದ್ ನಮಾಜು ಮಾಡುತ್ತಾರೆ. ಬೆಳಕು ಹರಿಯುವ ಮುಂಚೆ ಸಹರಿ ಊಟ, ಆಮೇಲೆ ಸೂರ್ಯಾಸ್ತದ ತನಕ ನೀರೂ ಇಲ್ಲ. ಮಾತಾಡಲೇಬಾರದು ಅಂತೇನಿಲ್ಲ, ಕಾಡುಹರಟೆ ಬೇಡ ಅಷ್ಟೆ. ಹೆಂಗಸರೂ ಇದನ್ನು ಮಾಡುತ್ತಾರೆ. ನಮ್ಮ ಕಡೆ ಹೆಚ್ಚಿನವರು ಅನುಸರಿಸುವ ಹನಫಿ ಪದ್ಧತಿಯಲ್ಲಿ ಅವರು ಮನೆಯಲ್ಲೇ ನಮಾಜಿನ ಜಾಗ ಗೊತ್ತುಮಾಡಿಕೊಂಡು ಕೂರುತ್ತಾರೆ. ನಮಗೆ ರಂಜಾನ್ ಅಂದರೆ ಬೆಂಗಳೂರಿನ ಮಾಸ್ಕ್ ರೋಡಿನ ಸಮೋಸ, ಹಲೀಮ್, ಸಂಜೆಯ ಜನಜಂಗುಳಿ ಇಷ್ಟೇ ಕಣ್ಣಿಗೆ ಬೀಳುತ್ತದೆ. ಒಳಗೆ ಕೂತವರು ಯಾರ ಕಣ್ಣಿಗೂ ಬೀಳುವುದಿಲ್ಲ.

ಹನಫಿ ಪದ್ಧತಿಯಲ್ಲಿ ಇನ್ನೊಂದು ವಿಚಾರವಿದೆ. ಒಂದು ಮೊಹಲ್ಲಾದಿಂದ ಒಬ್ಬರಾದರೂ ಕೂತರೆ ಎಲ್ಲರ ಹೊಣೆ ತೀರಿತು. ಒಬ್ಬರೂ ಕೂರದಿದ್ದರೆ ತಪ್ಪು ಇಡೀ ಮೊಹಲ್ಲಾದವರ ಮೇಲೆ. ಹಾಗಾಗಿ ಕೂತವರು ತಮಗಾಗಿ ಮಾತ್ರ ಕೂತಿರುವುದಿಲ್ಲ. ಎದ್ದು ಬರುವ ಮುಂಚೆ ಎರಡು ಸಲ ಯೋಚಿಸಬೇಕಾಗುತ್ತದೆ.

ಇನ್ನು, ನಮ್ಮಲ್ಲಿ ಇಂಥದ್ದು ಇದೆಯೇ ಎಂಬ ಪ್ರಶ್ನೆ. ಇದೆ, ನಿಮಗೂ ಗೊತ್ತು. ಅಯ್ಯಪ್ಪನ ಮಾಲೆ ಹಾಕಿದವರು ಸಾವಿನ ಮನೆಗೆ ಹೋಗುವುದಿಲ್ಲ. ಪಕ್ಕದ ಮನೆಯವರೇ ತೀರಿಕೊಂಡರೂ ನಾವು ಅವರನ್ನು ತಪ್ಪು ತಿಳಿಯುವುದಿಲ್ಲ, "ಸ್ವಾಮಿ ಮಾಲೆ ಹಾಕಿದ್ದಾರೆ" ಅಂತ ಸುಮ್ಮನಾಗುತ್ತೇವೆ. ಗುರುಚರಿತ್ರೆಯ ಸಪ್ತಾಹ ಹಿಡಿದವರು ಆ ಏಳು ದಿನ ಊರು ಬಿಡುವುದಿಲ್ಲ, ನೆಲದ ಮೇಲೆ ಮಲಗುತ್ತಾರೆ. ಚಾತುರ್ಮಾಸ್ಯದಲ್ಲಿ ಯತಿಗಳು ಒಂದೇ ಕಡೆ ನಿಲ್ಲುತ್ತಾರೆ. ಸಂಕಲ್ಪವಾಗಿ ಶುರುವಾದ ವ್ರತಕ್ಕೆ ನಡುವೆ ಬಂದ ಸೂತಕ ತಟ್ಟುವುದಿಲ್ಲ ಅಂತ ನಮ್ಮ ಧರ್ಮಶಾಸ್ತ್ರವೂ ಹೇಳುತ್ತದೆ. ಹಿಡಿದ ವ್ರತವನ್ನು ಲೋಕದ ಕರೆ ಮುರಿಯಬಾರದು ಎಂಬ ಭಾವ ಎರಡೂ ಕಡೆ ಒಂದೇ.

ಎಲ್ಲವೂ ಒಂದೇ ಅಂತಲೂ ನಾನು ಹೇಳುವುದಿಲ್ಲ. ಅಲ್ಲಿ ಮೂರ್ತಿಯಿಲ್ಲ, ನೈವೇದ್ಯವಿಲ್ಲ, ಪುರೋಹಿತರು ಹೇಳಿಸುವ ಸಂಕಲ್ಪವಿಲ್ಲ. ಮನಸ್ಸಿನಲ್ಲಿ ನಿಯ್ಯತ್ ಮಾಡಿಕೊಂಡರೆ ಸಾಕು. ನಮ್ಮ ಶಿವರಾತ್ರಿಯ ಜಾಗರಣೆಗೆ ತಿಥಿ ಗೊತ್ತು, ಯಾಮಗಳು ಗೊತ್ತು. ಅವರು ಯಾವ ರಾತ್ರಿ ಅಂತ ಗೊತ್ತಿಲ್ಲದೆಯೇ ಕಾಯುತ್ತಾರೆ. ಅವರ ದಾರಿ ಅವರದು, ನಮ್ಮ ದಾರಿ ನಮ್ಮದು. ವ್ರತಸ್ಥರ ಕಷ್ಟ ಮಾತ್ರ ಇಬ್ಬರಿಗೂ ಅರ್ಥವಾಗುವಂಥದ್ದು.

ಈಗ ನೀವು ಪತ್ರದಲ್ಲಿ ಬರೆಯದೆ ಬಿಟ್ಟ ಪ್ರಶ್ನೆಗೆ ಬರುತ್ತೇನೆ. "ಬರಲೇಬೇಕು ಅಂದಿದ್ದರೆ ಬರಬಹುದಿತ್ತಲ್ಲವೇ?" ಸುಳ್ಳು ಸಮಾಧಾನ ಹೇಳಲಾರೆ. ಬರಬಹುದಿತ್ತು. ಪ್ರಾಣಾಪಾಯದಲ್ಲಿ ಇರುವವರನ್ನು ಉಳಿಸಲು ಎದ್ದು ಬಂದರೆ ವ್ರತ ಮುರಿಯುತ್ತದೆ, ಆದರೆ ಪಾಪವಿಲ್ಲ. ಉಳಿಸಲು ಬೇರೆ ಯಾರೂ ಇಲ್ಲದಿದ್ದರೆ ಬರುವುದೇ ಕರ್ತವ್ಯ. ಮುರಿದದ್ದಕ್ಕೆ ಬದಲಾಗಿ ಆಮೇಲೆ ಒಂದು ದಿನ ಉಪವಾಸವಿದ್ದು ಮಸೀದಿಯಲ್ಲಿ ಕೂತು ಪೂರೈಸಬೇಕು. ನಮ್ಮಲ್ಲೂ ಹತ್ತಿರದ ಸಂಬಂಧದಲ್ಲಿ ಸಾವಾದರೆ ಗುರುಸ್ವಾಮಿಯನ್ನು ಕೇಳಿ ಮಾಲೆ ತೆಗೆಯುತ್ತಾರಲ್ಲ, ಹಾಗೆ.

ಆದರೆ ನಿಮ್ಮ ಪತ್ರವನ್ನು ನೀವೇ ಇನ್ನೊಮ್ಮೆ ಓದಿ ನೋಡಿ. "ಮಗ ಎರಡು ರಾತ್ರಿ ಜೊತೆಗಿದ್ದ, ಅದು ಬೇರೆ ಮಾತು" ಅಂತ ಬರೆದಿದ್ದೀರಿ. ಅದು ಬೇರೆ ಮಾತಲ್ಲ ತಾಯಿ, ಅದೇ ಮಾತು. ರಂಜಾನಿನ ಕೊನೆಯ ರಾತ್ರಿಗಳು ಆ ಹುಡುಗನಿಗೂ ಅಷ್ಟೇ ದೊಡ್ಡವು. ಅವನು ಎರಡು ರಾತ್ರಿಯನ್ನು ನಿಮ್ಮ ಯಜಮಾನರ ಮಂಚದ ಪಕ್ಕ ಕಳೆದ. ಸಹರಿ ಎಲ್ಲಿ ತಿಂದನೋ, ಉಪವಾಸ ಏನು ಕುಡಿದು ಬಿಟ್ಟನೋ, ಆ ಗಾಬರಿಯಲ್ಲಿ ನಿಮಗೆ ನೆನಪಿರಲಿಕ್ಕಿಲ್ಲ. ತಪ್ಪು ಅನ್ನುತ್ತಿಲ್ಲ, ಅಂಥ ಹೊತ್ತಿನಲ್ಲಿ ಯಾರಿಗೂ ನೆನಪಿರುವುದಿಲ್ಲ. ಮಗ ಅಲ್ಲಿದ್ದಾನೆ ಎಂಬ ಧೈರ್ಯದ ಮೇಲೆ ತಂದೆ ಮಸೀದಿಯಲ್ಲಿ ಉಳಿದಿರಬಹುದು. ಅದು ಹೌದೋ ಅಲ್ಲವೋ ಹೇಳಬೇಕಾದವರು ಸಾಹೇಬರು. ಅವರನ್ನೇ ಕೇಳಿ.

ಹೇಗೆ ಕೇಳುವುದು? ಯಜಮಾನರಿಗೆ ಓಡಾಡಲು ಡಾಕ್ಟರು ಒಪ್ಪಿದ ಮೇಲೆ ಇಬ್ಬರೂ ಸೇರಿ ಅವರ ಮನೆಗೆ ಹೋಗಿ. ಒಂದಿಷ್ಟು ಹಣ್ಣು ತೆಗೆದುಕೊಂಡು ಹೋಗಿ. "ಹಬ್ಬದ ದಿನ ಒಳಗೆ ಕರೆಯಲಿಲ್ಲ, ನನಗೆ ನಿಮ್ಮ ವ್ರತದ ವಿಷಯ ಗೊತ್ತಿರಲಿಲ್ಲ, ಬೇಜಾರಾಗಿತ್ತು" ಅಂತ ನೇರವಾಗಿ ಹೇಳಿ. ಬೇಜಾರಾಗಿತ್ತು ಅನ್ನುವುದನ್ನೂ ಮುಚ್ಚಿಡಬೇಡಿ. ಇಪ್ಪತ್ತೆರಡು ವರ್ಷದ ನಂಟಿಗೆ ಅಷ್ಟು ಸಲಿಗೆ ಇದೆ. ಹುಡುಗನಿಗೆ ಬೇರೆಯಾಗಿ ಒಂದು ಮಾತು ಹೇಳಿ.

ಮುಂದಿನ ವರ್ಷಕ್ಕೆ ಕೆಲವು ಸೂಚನೆಗಳು. ಪಕ್ಕದವರೋ, ಆಫೀಸಿನವರೋ, ನಿಮ್ಮ ಡ್ರೈವರೋ ಇಅತಿಕಾಫಿಗೆ ಹೋಗುತ್ತೇನೆ ಅಂದರೆ ಆ ಹತ್ತು ದಿನ ಆಮಂತ್ರಣ, ವ್ಯವಹಾರ ಇಟ್ಟುಕೊಳ್ಳಬೇಡಿ. ತೀರಾ ಅಗತ್ಯದ ಸುದ್ದಿ ಇದ್ದರೆ ಮನೆಯವರ ಮೂಲಕ ತಿಳಿಸಿ. ಏನಾದರೂ ಕಳಿಸಬೇಕು ಅನ್ನಿಸಿದರೆ ಖರ್ಜೂರ, ಹಣ್ಣು, ಹಾಲು ಕಳಿಸಬಹುದು; ಸೂರ್ಯಾಸ್ತಕ್ಕೆ ಮುಂಚೆ ತಲುಪಲಿ. ದೇವರಿಗೆ ನೈವೇದ್ಯ ಮಾಡಿದ್ದನ್ನು ಕಳಿಸಬೇಡಿ. ಬೇರೆ ದೇವರಿಗೆ ಅರ್ಪಿಸಿದ್ದನ್ನು ಅವರಲ್ಲಿ ಹಲವರು ತಿನ್ನುವುದಿಲ್ಲ, ಬೇಡ ಎನ್ನಲು ಸಂಕೋಚಪಡುತ್ತಾರೆ. ಅರ್ಪಿಸದೆ ಎತ್ತಿಟ್ಟದ್ದನ್ನೇ ಕೊಟ್ಟರೆ ಇಬ್ಬರ ಆಚಾರವೂ ಉಳಿಯುತ್ತದೆ. ಶೀರ್ ಕುರ್ಮಾ ಹಾಲು, ಶಾವಿಗೆ, ಖರ್ಜೂರದ ಪಾಯಸ; ಅದರಲ್ಲಿ ಮಾಂಸವಿರುವುದಿಲ್ಲ. ಮಡಿಯ ಕಾರಣಕ್ಕೆ ಹೊರಗಿನ ಅಡುಗೆ ತಿನ್ನದ ಮನೆಯಾದರೆ ಪ್ರೀತಿಯಿಂದಲೇ ಹಾಗೆ ಹೇಳಿ, ಹಣ್ಣು ತೆಗೆದುಕೊಳ್ಳಿ. ಅವರೂ ವ್ರತ ಹಿಡಿಯುವವರು, ಅರ್ಥವಾಗುತ್ತದೆ.

ಕೊನೆಯದಾಗಿ ಎರಡು ಸಂಗತಿ ಹೇಳಿ ಮುಗಿಸುತ್ತೇನೆ. ಆ ರಾತ್ರಿ ಸಿಕ್ಕರೆ ಏನು ಬೇಡಬೇಕು ಅಂತ ಆಯಿಶಾ ಅವರು ಪ್ರವಾದಿಗಳನ್ನು ಕೇಳಿದ್ದರು. ಅವರು ಹೇಳಿಕೊಟ್ಟ ಪ್ರಾರ್ಥನೆಯಲ್ಲಿ ಐಶ್ವರ್ಯವಿಲ್ಲ, ಆಯುಷ್ಯವಿಲ್ಲ. ಕ್ಷಮೆ ಒಂದನ್ನೇ ಕೇಳುವುದು. ಇನ್ನೊಂದು, ಆ ರಾತ್ರಿ ಯಾವುದೆಂದು ತಿಳಿಸಲು ಪ್ರವಾದಿಗಳು ಹೊರಗೆ ಬಂದಾಗ ಇಬ್ಬರು ಜಗಳವಾಡುತ್ತಿದ್ದರಂತೆ. ಆ ಜಗಳದಿಂದಾಗಿ ಅದರ ಗುರುತು ಹಿಂದಕ್ಕೆ ಹೋಯಿತು, ಅದಕ್ಕೇ ಇವತ್ತಿಗೂ ಹತ್ತು ರಾತ್ರಿ ಹುಡುಕಬೇಕಾಗಿದೆ ಅಂತ ಅವರ ಹದೀಸಿನಲ್ಲಿ ಬರುತ್ತದೆ.

ಸಾಹೇಬರು ಆ ಹತ್ತು ರಾತ್ರಿಯೂ ಕ್ಷಮೆ ಬೇಡಿ ಎದ್ದು ಬಂದು, ಮೊದಲು ನಿಮ್ಮ ಬಾಗಿಲಿಗೆ ಪಾಯಸ ತಂದರು. ಈಗ ನೀವು ಅವರ ಬಾಗಿಲಿಗೆ ಹೋಗುವ ಸರದಿ. ಯಜಮಾನರ ಆರೋಗ್ಯ ಬೇಗ ಸುಧಾರಿಸಲಿ. ಶುಭವಾಗಲಿ.