ಭಾನುವಾರ ಕಾರು ಮನೆಯಲ್ಲೇ ಇರಲಿ

ನಿವೃತ್ತರಾದ ಮೇಲೂ ಶನಿವಾರ, ಭಾನುವಾರವೇ ಕಾರು ತೆಗೆಯುವ ದರ್ದೇನಿದೆ ಹೇಳಿ? ಸಕಲೇಶಪುರದ ಮಂಜರಾಬಾದ್ ಕೋಟೆ ನೋಡಲು ಬರುವವರೂ ಶಿರಾಡಿ ಘಾಟಿ ಇಳಿಯುವ ಟ್ಯಾಂಕರುಗಳೂ ಒಂದೇ ಹೆದ್ದಾರಿಯಲ್ಲಿ ಸಾಲುಗಟ್ಟುತ್ತವೆ. ಬ್ಯಾಂಕು, ಔಷಧಿ, ದಿನಸಿ ಎಲ್ಲ ವಾರದ ನಡುವೆ, ಬೆಳಿಗ್ಗೆಯೇ ಮುಗಿಸಿಕೊಳ್ಳಿ.

ರಾತ್ರಿ ಓಡಿಸುವುದನ್ನಂತೂ ಮೊದಲು ಬಿಡಿ. ದೋಣಿಗಾಲ್ ಕಡೆ ಮಂಜು ಕವಿದಾಗ ಹೈಬೀಮ್ ಹಾಕಿದರೆ ಬೆಳಕು ಮಂಜಿಗೇ ಬಡಿದು ವಾಪಸ್ ಕಣ್ಣಿಗೆ ರಾಚುತ್ತದೆ. ಪೊರೆ ಬರುತ್ತಿರುವ ಕಣ್ಣಾದರೆ ಎದುರಿನ ಲಾರಿಯ ದೀಪ ಒಡೆದು ಹರಡಿಕೊಂಡು, ರಸ್ತೆಯ ಅಂಚೇ ಕಾಣುವುದಿಲ್ಲ. ಹಗಲಲ್ಲೂ ಅವಸರ ಬೇಡ: ಹಿಂದಿನವನು ಹಾರ್ನ್ ಹೊಡೆದರೆ ಹೊಡೆಯಲಿ, ಜಾಗ ಸಿಕ್ಕಲ್ಲಿ ಎಡಕ್ಕೆ ಸರಿದು ಕಳಿಸಿಬಿಡಿ. ಆಲೂರಿನ ಒಳರಸ್ತೆಗಳಲ್ಲಿ ಏರು ಹತ್ತುವ ಗಾಡಿಗೆ ದಾರಿ ಬಿಡುವ ರೂಢಿ ಈಗ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ, ನೀವೇ ನಿಲ್ಲಿ.

ಹಾಸನಕ್ಕೆ ಹೋಗಬೇಕಾದರೆ ಬಸ್ಸಿದೆ. 60 ದಾಟಿದವರಿಗೆ ಕೆಎಸ್‌ಆರ್‌ಟಿಸಿಯಲ್ಲಿ ಶೇ 25 ರಿಯಾಯಿತಿ. ನಿಮ್ಮ ಮನೆಯ ಹೆಂಗಸರಿಗಂತೂ 2023ರ ಜೂನ್‌ನಿಂದ ಸಾಮಾನ್ಯ ಬಸ್ಸಿನಲ್ಲಿ ಪೂರ್ತಿ ಉಚಿತ. ಆಧಾರ್ ಕಾರ್ಡ್ ಮರೆಯಬೇಡಿ. ಆಲೂರಿನಲ್ಲೂ ಸಕಲೇಶಪುರದಲ್ಲೂ ರೈಲು ನಿಲ್ದಾಣವಿದೆ.

55 ದಾಟಿದವರ ಲೈಸೆನ್ಸ್ 5 ವರ್ಷಕ್ಕಷ್ಟೇ ನವೀಕರಣವಾಗುತ್ತದೆ. ಆಗಲಾದರೂ ಕಣ್ಣು ಸರಿಯಾಗಿ ತೋರಿಸಿಕೊಳ್ಳಿ. ಹಾಗಂತ ಕಾರು ಮಾರಬೇಕಿಲ್ಲ. ವಾರಕ್ಕೊಮ್ಮೆ ಊರೊಳಗೆ ಒಂದು ಸುತ್ತು ಹೋಗಿಬನ್ನಿ, ಇಲ್ಲದಿದ್ದರೆ ಬ್ಯಾಟರಿ ಕೂರುತ್ತದೆ, ಮಳೆಗಾಲದಲ್ಲಿ ಇಲಿ ವೈರು ಕಡಿಯುತ್ತದೆ.