ಸಂದೇಹದ ದಿನಗಳಲ್ಲಿ

ಆಯನೂರಿನ ಕ್ರೈಸ್ತ ಬಂಧುಗಳೇ, ಮಳೆ ಬಿಡದೆ ಸುರಿದು ಅಡಕೆ ಕೊಳೆತುದುರುವಾಗ, ಇಲ್ಲವೇ ಭದ್ರಾವತಿಯ ಕಾರ್ಖಾನೆಯ ಕೆಲಸ ತಪ್ಪಿ ಸಾಲ ಬೆಳೆಯುವಾಗ, ದೇವರು ಕಿವಿಗೊಡುವಷ್ಟು ಯೋಗ್ಯತೆ ನನಗಿಲ್ಲವೇನೋ ಎಂಬ ಶಂಕೆ ಅಂತಃಕರಣದಲ್ಲಿ ಮೂಡುವುದು ಮನುಷ್ಯಸಹಜವೇ ಹೊರತು ಪಾಪವಲ್ಲ. ಯೋಹಾನನ ಸುವಾರ್ತೆಯ 20ನೆಯ ಅಧ್ಯಾಯದಲ್ಲಿ, ಯೇಸುವಿನ ಗಾಯದ ಗುರುತನ್ನು ಕಣ್ಣಾರೆ ಕಂಡು ಬೆರಳಿಟ್ಟಲ್ಲದೆ ಆತನ ಪುನರುತ್ಥಾನವನ್ನು ನಂಬೆನೆಂದು ಹಟತೊಟ್ಟ ಶಿಷ್ಯ ತೋಮನು, ಎಂಟು ದಿನಗಳ ತರುವಾಯವೂ ಸಹಶಿಷ್ಯರೊಡನೆಯೇ ಇದ್ದನೆಂಬುದನ್ನು ನಾವು ಸಾಕಷ್ಟು ಗಮನಿಸಿಲ್ಲ. ಸಂದೇಹಿಸಿದರೂ ಅವನು ಸಂಗವನ್ನು ತೊರೆಯಲಿಲ್ಲ, ಅವರೂ ಅವನನ್ನು ಹೊರದೂಡಲಿಲ್ಲ. ಯೇಸು ಬಂದುದು ಆ ಕೂಟಕ್ಕೇ. ಆದುದರಿಂದ, ಪ್ರಾರ್ಥಿಸಲು ಮಾತೇ ಹೊರಡದ ಭಾನುವಾರದಂದೂ ಊರಿನ ಚರ್ಚಿಗೋ ಶಿವಮೊಗ್ಗದ ಪವಿತ್ರ ಹೃದಯ ಪ್ರಧಾನಾಲಯಕ್ಕೋ ಹೋಗಿ ಹಿಂದಿನ ಬೆಂಚಿನಲ್ಲಾದರೂ ಕುಳಿತುಕೊಳ್ಳಿರಿ. ಮನದ ಭಾರವನ್ನು ಗುರುಗಳೊಡನೆ ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳಿರಿ. ವಿಶ್ವಾಸ ದೃಢವಾಗಿರುವವರೇ, ಕೆಲವು ವಾರಗಳಿಂದ ಕಾಣದಿರುವ ನೆರೆಯವರ ಮನೆಗೆ ಈ ಸಂಜೆಯೇ ಹೋಗಿ ಬನ್ನಿರಿ.